ಕೆಂಚ ಉಚ್ಚೆ ಹೊಯ್ಯಲೆಂದು ಬೀದಿಯೆಲ್ಲ ಕಾದದ್ದು

ನಮ್ಮ ಮನೆಗೆ ಯಾವ ಕಾಯಿಲೆ ಬಂದರೂ ಮರ್ಯಾದೆಯಾಗಿ ಬಂದು ಮರ್ಯಾದೆಯಾಗಿ ಹೋದದ್ದೇ ಇಲ್ಲ. ಹೋಗುವಾಗ ನಮ್ಮ ಮಾನವನ್ನೂ ಒಂದಿಷ್ಟು ಕಟ್ಟಿಕೊಂಡು ಹೋಗುತ್ತದೆ. ಈ ಸಲ ಬಂದದ್ದು ಕೆಂಚನಿಗೆ. ಕೆಂಚ ಅಂದರೆ ನಮ್ಮ ಗಂಡುಬೆಕ್ಕು. ಮಧುಗಿರಿ ಕೋರ್ಟಿನ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಬಿಸಿಯಾದ ಮೆಷಿನ್ನಿನ ಮೇಲೆ ಮಲಗುವುದೇ ಅವನ ಉದ್ಯೋಗ. ಒಂದು ಬೆಳಿಗ್ಗೆ ಮೂಲೆಯಲ್ಲಿ ಕೂತು ತಿಣುಕುತ್ತಾ ಅಳತೊಡಗಿದ. ಒಂದು ಹನಿಯೂ ಬರಲಿಲ್ಲ. ಮೂತ್ರ ಕಟ್ಟಿತ್ತು. ಗಂಡುಬೆಕ್ಕಿಗೆ ಹಾಗಾದರೆ ಜೀವಕ್ಕೇ ಸಂಚಕಾರವಂತೆ.

ಹೋರಿ

ನಮ್ಮ ಕಡೆ ದನದಾಸ್ಪತ್ರೆ ಅಂದರೆ ದನದಾಸ್ಪತ್ರೆಯೇ. ಹಸು, ಎಮ್ಮೆ, ಕುರಿಗಳ ನಡುವೆ ಚೀಲದಲ್ಲಿ ಬೆಕ್ಕು ಇಟ್ಟುಕೊಂಡು ನಿಂತವಳು ನಾನೊಬ್ಬಳೇ. ಚೀಟಿ ಬರೆಯುವಾತ ತಲೆ ಎತ್ತದೆ ಕೇಳಿದ.

"ಕರ ಹಾಕಿ ಎಷ್ಟು ದಿನ ಆಯ್ತಮ್ಮ?"

"ಗಂಡು ಸ್ವಾಮಿ."

"ಹೋರೀನಾ? ಹೊರಗಡೆ ಕಟ್ಟಿ."

ಚೀಲದಿಂದ ಮಿಯಾಂವ್ ಅಂತ ಕೇಳಿದ ಮೇಲೆಯೇ ಆತ ತಲೆ ಎತ್ತಿದ್ದು. ಪಾವಗಡದ ಕಡೆಯ ಒಬ್ಬ ಕುರಿಯವನು ಬೆಕ್ಕನ್ನು ನೋಡಿ ತನ್ನ ಅರೆತೆಲುಗಿನಲ್ಲಿ, "ಏಮಮ್ಮಾ, ಪಿಲ್ಲಿಗೂ ಡಾಕ್ಟ್ರಾ? ನಮ್ ಕಡೆ ಮನುಷ್ಯರ್ಗೇ ಸಿಗಾಕಿಲ್ಲ" ಅಂದ.

ಡಾಕ್ಟರು ಒಳ್ಳೆಯವರು. ಬೆಕ್ಕಿಗೆ ಮತ್ತು ಬರಿಸಿ, ಸಣ್ಣ ನಳಿಗೆ ಹಾಕಿ, ಕಟ್ಟಿದ್ದನ್ನೆಲ್ಲ ಹೊರಗೆ ತೆಗೆದರು. "ಎದ್ದೇಳಪ್ಪಾ ರಾಜಾ" ಅಂತ ಅವರು ಕೆನ್ನೆ ತಟ್ಟಿದ್ದೇ ತಡ, ಎದ್ದ ಕೆಂಚ ಅವರ ಹೆಬ್ಬೆರಳಿಗೆ ಹಲ್ಲು ಊರಿದ. ಬೆಕ್ಕು ಮನೆಗೆ ಬಂತು, ಡಾಕ್ಟರು ಇಂಜೆಕ್ಷನ್ನಿಗೆ ಮನುಷ್ಯರ ಆಸ್ಪತ್ರೆಗೆ ಹೋದರು.

ಅಡ್ಡ ಬಂದದ್ದು

ನಳಿಗೆ ಇರುವಷ್ಟು ದಿನ ದಿನಾ ಸೂಜಿ ಹಾಕಿಸಬೇಕಿತ್ತು. ದಾರಿ ಕೋರ್ಟಿನ ಮುಂದೆಯೇ. ಚೀಲದಿಂದ ತಲೆ ಹೊರಗೆ ಹಾಕಿ ಕೆಂಚ ಊರು ಕೇಳುವಂತೆ ಅರಚುತ್ತಿದ್ದ. ಒಂದು ದಿನ ಕೊಡಿಗೇನಹಳ್ಳಿಯಿಂದ ಹೊಲದ ಕೇಸಿಗೆ ಬಂದಿದ್ದ ಯಜಮಾನರೊಬ್ಬರು ನನ್ನ ಗಾಡಿ ಎದುರಿಗೆ ಹಾದದ್ದು ಕಂಡು ಅಲ್ಲೇ ನಿಂತುಬಿಟ್ಟರು.

"ಇವತ್ತು ತೀರ್ಪು ಕಣಮ್ಮ! ಬೆಕ್ಕು ತಂದು ಅಡ್ಡ ಬುಟ್ಯಲ್ಲ! ವಾಪಸ್ ಹೋಗು."

"ವಾಪಸ್ ಬಂದ್ರೆ ಇನ್ನೊಂದ್ಸಲ ಅಡ್ಡ ಬಂದಂಗಾಗಲ್ವ ಯಜಮಾನ್ರೇ?"

ಅವರು ಬೆರಳು ಮಡಚಿ ಲೆಕ್ಕ ಹಾಕತೊಡಗಿದರು. ಅಷ್ಟರಲ್ಲಿ ಅವರ ಎದುರುಪಾರ್ಟಿ ಬೀಡಿ ಎಸೆದು ಓಡಿ ಬಂದು, "ಬಾ ತಾಯಿ, ಬಾ! ಇನ್ನೊಂದ್ಸಲ ಬಾ, ನಿಧಾನಕ್ಕೆ ಬಾ" ಅಂದ. ಇಬ್ಬರೂ ಕಿತ್ತಾಡತೊಡಗಿದರು. ನಾನು ಗಾಡಿ ಓಡಿಸಿದೆ. ತೀರ್ಪು ಅವತ್ತು ಆಗಲಿಲ್ಲ, ಮುಂದಕ್ಕೆ ಹೋಯಿತು. ಮಾರನೆಯ ದಿನ ಎದುರುಪಾರ್ಟಿ ಅಂಗಡಿಗೇ ಬಂದು, ದನಿ ತಗ್ಗಿಸಿ ಕೇಳಿದ.

"ಅಕ್ಕಾ, ಮುಂದಿನ ವಾಯ್ದೆ ದಿನ ನಿಮ್ ಬೆಕ್ಕು ಬಿಡುವಾಗಿರ್ತದಾ?"

ಶ್ಶ್ಶ್

ನಳಿಗೆ ತೆಗೆದ ದಿನ ಡಾಕ್ಟರು ಮುಖ ಗಂಭೀರ ಮಾಡಿ ಹೇಳಿದರು. "ಸಂಜೆಯೊಳಗೆ ತಾನಾಗೇ ಹೊಯ್ಯಬೇಕಮ್ಮ. ಇಲ್ಲಾಂದ್ರೆ ಮತ್ತೆ ನಳಿಗೆ ಹಾಕ್ಬೇಕು. ಅವನ ಮೈ ಇನ್ನೊಂದ್ಸಲ ತಡಿಯೋದು ಕಷ್ಟ."

ನಾನು ಅಂಗಡಿಗೆ ಬೀಗ ಹಾಕಿ ಮನೆಯಲ್ಲಿ ಕೂತೆ. ನಿಜ ಹೇಳುತ್ತೇನೆ, ಹೆದರಿಕೆಗೆ ಅನ್ನ ಇಳಿಯಲಿಲ್ಲ. ಬೀದಿಯವರು ಒಬ್ಬೊಬ್ಬರೇ ಬಾಗಿಲಲ್ಲಿ ಇಣುಕಿ "ಆಯ್ತಾ?" ಅನ್ನುವುದು, "ಇಲ್ಲ" ಅಂದರೆ ನಿಟ್ಟುಸಿರು ಬಿಟ್ಟು ಹೋಗುವುದು.

ಕೆಂಚನನ್ನು ದರಿದ್ರ ಬೆಕ್ಕು ಅಂತಲೇ ಕರೆಯುವ ನಮ್ಮತ್ತೆ ಆಗ ಮುಂದೆ ಬಂದರು. ಎಳೇ ಮಕ್ಕಳನ್ನು ಕಾಲ ಮೇಲೆ ಕೂರಿಸಿಕೊಂಡು ಮಾಡುವ ಹಾಗೆ ಬೆಕ್ಕನ್ನು ಕೂರಿಸಿಕೊಂಡು "ಶ್ಶ್ಶ್... ಶ್ಶ್ಶ್" ಅಂತ ಶುರು ಮಾಡಿದರು. ನನ್ನ ಗಂಡ ಎದ್ದು ಬಚ್ಚಲಿಗೆ ಹೋದರು. ಇಣುಕಲು ಬಂದ ಪಕ್ಕದ ಮನೆಯಾಕೆ ತಮ್ಮ ಮನೆಗೆ ಓಡಿದರು. ಕೊನೆಗೆ ನಾನೂ ಎದ್ದೆ. ಕೆಂಚನೊಬ್ಬ ಅಲುಗಲಿಲ್ಲ.

ಅತ್ತೆ ಕೈಮುಗಿದು ಸಿದ್ದರಬೆಟ್ಟದ ದೇವರಿಗೆ ಹರಕೆ ಹೊತ್ತರು. "ಇದೊಂದು ಉಯ್ಲಪ್ಪಾ, ಬೆಟ್ಟ ಹತ್ತಿ ಕಾಯಿ ಒಡಿಸ್ತೀನಿ."

"ನಿಮ್ಗೆ ಮಂಡಿನೋವಲ್ವಾ ಅತ್ತೆ?" ಅಂದೆ.

"ಅದುಕ್ಕೇ ನಿನ್ ಎಸ್ರಲ್ಲಿ ಹೊತ್ತೀನಿ ಕಣಮ್ಮ."

ಪಂಚೆಯ ನೆಂಟರು

ಸಂಜೆಯಾಯಿತು. ಮತ್ತೆ ಆಸ್ಪತ್ರೆಗೆ ಹೋಗೋಣ ಅಂತ ಚೀಲ ತೆಗೆದರೆ ಕೆಂಚ ಅಟ್ಟ ಸೇರಿದ. ಫೋನ್ ಮಾಡಿದೆ. ಡಾಕ್ಟರು ತಾವೇ ಬರುತ್ತೇನೆ ಅಂದರು. ಆದರೆ ಪ್ಯಾಂಟು, ಬ್ಯಾಗು, ಮದ್ದಿನ ವಾಸನೆ ಕಂಡರೆ ಬೆಕ್ಕು ಇಳಿಯುವುದಿಲ್ಲ. ಅದಕ್ಕೆ ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟು, ವಿಭೂತಿ ಬಳಿದು, ಬಾಳೆಹಣ್ಣು ಹಿಡಿದು ನೆಂಟರ ಹಾಗೆ ಬಂದರು. ಅತ್ತೆಯೋ ತಮ್ಮ ಧಾರೆ ಸೀರೆ ಉಟ್ಟು ಕೂತಿದ್ದರು. ಮಕ್ಕಳು ಮರಿ ಯಾರೂ ಮುಟ್ಟಬಾರದ ರೇಷ್ಮೆ ಅದು.

"ಇದ್ಯಾಕತ್ತೆ?" ಅಂದೆ.

"ನೆಂಟ್ರು ಬಂದವ್ರೆ ಅಂತ ಬೆಕ್ಕು ನಂಬ್ಬೇಕಲ್ಲ!"

ಬೆಕ್ಕು ನಂಬಿತು. ಕಾಫಿ ಲೋಟದ ಸದ್ದಿಗೆ ಮೆಲ್ಲಗೆ ಇಳಿದು ಬಂದು ಅತ್ತೆಯ ಮಡಿಲಲ್ಲಿ ಕೂತಿತು. ಡಾಕ್ಟರು ಬಾಯಿ ಮುಚ್ಚಿಕೊಂಡು ಬೆನ್ನು ಸವರಿದ್ದರೆ ಸಾಕಿತ್ತು. ಅಭ್ಯಾಸಬಲ, ಬಾಯಿ ಬಿಟ್ಟರು.

"ಏನಪ್ಪಾ ರಾಜಾ?"

ಆ ದನಿ ಕೇಳಿದ್ದೇ ಕೆಂಚನ ಕಣ್ಣು ಅಗಲವಾಯಿತು, ಬಾಲ ಉಬ್ಬಿತು. ಕೂತಲ್ಲೇ, ಭಯಕ್ಕೆ, ಕಟ್ಟೆಯೊಡೆದ ಹಾಗೆ ಹೊಯ್ದ. ಧಾರೆ ಸೀರೆಯ ನೆರಿಗೆಯೆಲ್ಲ ತೊಯ್ದುಹೋಯಿತು. ಅತ್ತೆ ಸೀರೆ ನೋಡಿಕೊಂಡರು. ಆಮೇಲೆ ಒದ್ದೆ ನೆರಿಗೆ ಎರಡೂ ಕೈಯಲ್ಲಿ ಎತ್ತಿ ಹಿಡಿದು ಬೀದಿಗೆ ಓಡಿದರು. "ಉಯ್ದ ಕಣ್ರೋ! ನಮ್ ಕೆಂಚ ಉಯ್ದ!" ಬೀದಿಯಲ್ಲಿ ಶಿಳ್ಳೆ ಬಿತ್ತು. ಡಾಕ್ಟರು ನಗುತ್ತಾ, "ಇನ್ನು ಭಯವಿಲ್ಲ, ನನ್ನ ದನಿಯೇ ಔಷಧಿ" ಅಂದರು. ನನಗೆ ಅಳುವೂ ನಗುವೂ ಒಟ್ಟಿಗೇ ಬಂತು.

ನನ್ನ ಗಂಡ ಮಾತ್ರ ಬಾಗಿಲಲ್ಲಿ ಮುಖ ಊದಿಸಿಕೊಂಡು ನಿಂತಿದ್ದರು. "ಅಮ್ಮಾ, ನಾನು ಮಗುವಾಗಿದ್ದಾಗ ಇದೇ ಸೀರೆ ಮೇಲೆ ಉಯ್ದಿದ್ಕೆ ಬಾಸುಂಡೆ ಬರೋ ಹಂಗೆ ಬಾರಿಸಿದ್ಯಂತೆ?"

ಅತ್ತೆ ಬೆಕ್ಕಿನ ತಲೆ ಸವರುತ್ತಲೇ ಹೇಳಿದರು.

"ಹೂಂ ಕಣ್ಲಾ. ನೀನೇನು ಇವ್ನಂಗೆ ಕಷ್ಟಪಟ್ಟು ಉಯ್ದಿದ್ಯಾ?"