ನಮ್ಮ ಭಾವನ ಎಡಮೊಣಕಾಲಿನವರ ರಾಜೀನಾಮೆ ಕೋರಿ

ಮಾನ್ಯ ಎಡಮೊಣಕಾಲಿನವರೇ,

ತಮಗೂ, ತಮ್ಮ ಮೇಲೆ ವಾಸವಾಗಿರುವ ತೊಡೆಯವರಿಗೂ, ಕೆಳಗಿನ ಮನೆಯ ಮೀನಖಂಡದವರಿಗೂ ನನ್ನ ಸಾವಿರ ಸಲಾಮುಗಳು. ಇಲ್ಲಿ ನಾವೆಲ್ಲ ಕ್ಷೇಮ, ತಾವೂ ಕ್ಷೇಮವಾಗಿರುವಿರೆಂದು ನಂಬಿದ್ದೇನೆ ಎಂದು ಬರೆಯುವುದು ರೂಢಿ. ಆದರೆ ತಾವು ಕ್ಷೇಮವಾಗಿದ್ದಿದ್ದರೆ ಈ ಪತ್ರ ಬರೆಯುವ ಸಂದರ್ಭವೇ ಬರುತ್ತಿರಲಿಲ್ಲವಾದ್ದರಿಂದ ಆ ಸಾಲನ್ನು ಕೈಬಿಟ್ಟಿದ್ದೇನೆ, ಮನ್ನಿಸಬೇಕು.

ನಾನು ಅಬುಲ್ ಖಸೀಬ್ ಊರಿನ ಫಾಲಿಹ್. ಬಸ್ರಾದ ಕೋರ್ಟಿನ ಗೇಟಿನ ಮುಂದೆ, ಕೊಡೆಯ ಕೆಳಗೆ ಮೇಜು ಹಾಕಿಕೊಂಡು, ಆಯುಷ್ಯವಿಡೀ ಬೇರೆಯವರ ಅರ್ಜಿ ಬರೆದವನು. ಗವರ್ನರರಿಗೆ ಬರೆದಿದ್ದೇನೆ, ಜೈಲಿನ ಮೇಲಧಿಕಾರಿಗಳಿಗೆ ಬರೆದಿದ್ದೇನೆ, ಪರರ ತೋಟಕ್ಕೆ ನುಗ್ಗಿದ ಒಂದು ಎಮ್ಮೆಯ ಪರವಾಗಿ ಪುರಸಭೆಗೆ ಕ್ಷಮಾಪಣೆಯನ್ನೂ ಬರೆದಿದ್ದೇನೆ. ಮೊಣಕಾಲಿಗೆ ಬರೆಯುತ್ತಿರುವುದು ಇದೇ ಮೊದಲು. ತಮ್ಮ ಮಾಲೀಕರೂ ನನ್ನ ಅಕ್ಕನ ಗಂಡನೂ ಆದ ಹಾಜಿ ಚಾಸಿಬ್ ಭಾವನವರೊಡನೆ ಸದ್ಯ ನನಗೆ ಮಾತಿಲ್ಲ. ಆದ್ದರಿಂದ ವಿಷಯವನ್ನು ನೇರವಾಗಿ ತಮ್ಮ ಸನ್ನಿಧಿಗೇ ತರಬೇಕಾಯಿತು. ಪತ್ರವನ್ನು ಕಾಲುವೆ ನದಿಗೆ ಸೇರುವಲ್ಲಿನ ಚಹಾದಂಗಡಿಯ ಗೋಡೆಗೆ ಅಂಟಿಸುತ್ತೇನೆ. ತಮ್ಮನ್ನು ಮಡಚಿಕೊಂಡು ಅಲ್ಲಿ ಕೂರುವ ಭಾವನವರ ಕಣ್ಣಿಗೆ ಅದು ಬಿದ್ದರೆ ಅದಕ್ಕೆ ನಾನು ಹೊಣೆಗಾರನಲ್ಲ.

ನನ್ನ ಕೋರಿಕೆ ಒಂದೇ. ದೊಡ್ಡಾಸ್ಪತ್ರೆಯ ಡಾಕ್ಟರರು ಮುಂದಿನ ವಾರ ಗೊತ್ತುಮಾಡಿರುವ ದಿನದಂದು ತಾವು ಹೋಗಿ ಮೇಜಿನ ಮೇಲೆ ಮಲಗಿ, ತಮ್ಮ ಸ್ಥಾನವನ್ನು ಅವರು ತರಿಸಿಟ್ಟಿರುವ ಲೋಹದ ಮೊಣಕಾಲಿನವರಿಗೆ ಬಿಟ್ಟುಕೊಟ್ಟು, ಮರ್ಯಾದೆಯಿಂದ ನಿವೃತ್ತರಾಗಬೇಕು. ಇನ್ನು ತಡಮಾಡಿದರೆ ಭಾವನವರು ಉಳಿದ ಕಾಲವನ್ನೆಲ್ಲ ಹಾಸಿಗೆಯಲ್ಲೇ ಕಳೆಯಬೇಕಾದೀತೆಂದು ಡಾಕ್ಟರರು ಹೇಳಿದ್ದಾರೆ. ಆದರೂ ಭಾವನವರು ಒಲ್ಲೆ ಎನ್ನುತ್ತಿದ್ದಾರೆ. ಹೀಗೆ ಒಲ್ಲೆ ಎನ್ನುವುದಕ್ಕೆ ಕಾರಣ ತಾವು, ತಮ್ಮ ಘನತೆ, ತಮ್ಮ ಹುದ್ದೆ.

ಆ ಹುದ್ದೆಯ ಇತಿಹಾಸ ತಮಗೆ ಮರೆತಿದ್ದರೆ ನೆನಪಿಸುತ್ತೇನೆ. ನಮ್ಮ ಶತ್ತುಲ್ ಅರಬ್ ನದಿಯಲ್ಲಿ ಮೀನಿಗೆ ಹೋಗುವುದೆಂದರೆ ಮೂರು ಇಲಾಖೆಗಳ ಸಹಿ ಬೇಕು. ನೀರಿನ ಇಲಾಖೆ ಚಂದ್ರನದು. ಹುಣ್ಣಿಮೆ ಅಮಾವಾಸ್ಯೆಗಳಿಗೆ ಸಮುದ್ರದ ಉಬ್ಬರ ನದಿಯೊಳಕ್ಕೆ ಏರಿ ಬಂದು ತೋಟದ ಕಾಲುವೆಗಳೆಲ್ಲ ತುಂಬಿಕೊಳ್ಳುತ್ತವೆ, ಅರ್ಧಚಂದ್ರದ ದಿನಗಳಲ್ಲಿ ಅದೇ ನೀರು ಸೋಮಾರಿಯಾಗಿ ಅರ್ಧ ದಾರಿಯಲ್ಲೇ ನಿಂತುಬಿಡುತ್ತದೆ. ಹಂಗಾಮಿನ ಇಲಾಖೆ ಖರ್ಜೂರದ ಮರದ್ದು. ಗಂಡು ಮರದ ಹೂಗೊಂಚಲು ತಂದು ಹೆಣ್ಣು ಮರಕ್ಕೆ ಕಟ್ಟುವ ದಿನಗಳು ಬಂದವೆಂದರೆ ಸಬೂರ್ ಮೀನು ಸಮುದ್ರ ಬಿಟ್ಟು ನಮ್ಮ ಕಡೆಗೆ ಹೊರಟಿತೆಂದೇ ಲೆಕ್ಕ. ಗಾಳಿಯ ಇಲಾಖೆ ಮಾತ್ರ ಬಹಳ ಕಾಲ ಖಾಲಿ ಬಿದ್ದಿತ್ತು. ಭಾವನವರು ಹಾಗೆ ಹೂ ಕಟ್ಟಲು ಹೋಗಿ ಮರದಿಂದ ಬಿದ್ದು ತಮಗೆ ಪೆಟ್ಟು ಮಾಡಿಕೊಂಡ ವರ್ಷ, ತಾವು ಅರ್ಜಿ ಹಾಕದೆ, ಸಂದರ್ಶನಕ್ಕೆ ಬಾರದೆ, ಯಾರ ಶಿಫಾರಸೂ ಇಲ್ಲದೆ ಆ ಕುರ್ಚಿಯಲ್ಲಿ ಕೂತುಬಿಟ್ಟಿರಿ.

ಅಲ್ಲಿಂದ ತಮ್ಮ ಕಾರ್ಯವೈಖರಿಯನ್ನು ಎಷ್ಟು ಹೊಗಳಿದರೂ ಸಾಲದು. ಪೂರ್ವದ ಗಾಳಿ ಬರುವುದಿದ್ದರೆ ತಾವು ಚುಚ್ಚುತ್ತೀರಿ, ಬಡಗಣ ಗಾಳಿಯಾದರೆ ಸೆಳೆಯುತ್ತೀರಿ, ಎರಡೂ ಇಲ್ಲದಿದ್ದರೆ ಸುಮ್ಮನೆ ಇರಲಾರದೆ ಉರಿಯುತ್ತೀರಿ. ನಮ್ಮ ದೋಣಿಯ ಯಜಮಾನ ದಾಖಿಲ್ ಹಿಂದಿನ ಸಂಜೆ ಬಂದು ತಮ್ಮೆದುರು ಕೈಕಟ್ಟಿ ನಿಲ್ಲುವನು. ಭಾವನವರು ತಮ್ಮನ್ನು ದಿಂಬಿನ ಮೇಲೆ ಬಿಜಯಂಗೈಸಿ, ಅಂಗೈ ಇಟ್ಟು, ಕಣ್ಣು ಮುಚ್ಚಿ, "ನಾಳೆ ಬೇಡ ಕಣ್ರಪ್ಪಾ, ಇದು ಒಪ್ತಾ ಇಲ್ಲ" ಎನ್ನುವರು. ನಾವು ಬಲೆ ಮಡಿಸಿಡುವೆವು. ಬರಬರುತ್ತಾ ತಾವು ಗಾಳಿಯಲ್ಲೇ ತೃಪ್ತರಾಗದೆ, ಕರೆಂಟು ಯಾವಾಗ ಹೋಗುತ್ತದೆ, ಫುಟ್‌ಬಾಲಿನಲ್ಲಿ ಯಾರು ಗೆಲ್ಲುತ್ತಾರೆ, ದಾಖಿಲನ ಮಗಳ ಗಂಡನ ಮನೆಯವರು ಎಂಥವರು ಎಂಬುದನ್ನೆಲ್ಲ ಹೇಳತೊಡಗಿದಿರಿ. ಕೊನೆಗೆ ಚಂದ್ರನ ಇಲಾಖೆಗೂ ಕೈಹಾಕಿದಿರಿ. ಅಲ್ಲಿಂದ ನಮ್ಮ ಗ್ರಹಚಾರ ಶುರುವಾಯಿತು.

ಈ ಹಂಗಾಮಿನ ಎರಡನೆಯ ಹುಣ್ಣಿಮೆಯನ್ನೇ ನೋಡಿ. ಆಕಾಶ ತೊಳೆದಿಟ್ಟಂತಿತ್ತು, ಉಬ್ಬರ ಚಹಾದಂಗಡಿಯ ಮೆಟ್ಟಿಲಿಗೆ ಬಂದು ಮುಟ್ಟಿತ್ತು, ಪಕ್ಕದ ಓಣಿಯವರು ಹಾಡು ಹೇಳಿಕೊಂಡು ದೋಣಿ ಬಿಟ್ಟರು. ತಾವು ಮಾತ್ರ ಬಿರುಗಾಳಿ ಬರುತ್ತದೆಂದು ಘೋಷಿಸಿದಿರಿ. ಅಂದು ಬೀಸಿದ ಗಾಳಿಯೆಂದರೆ ನಮ್ಮ ಅಕ್ಕ ಬಹೀಜ ಒಲೆಗೆ ಬೀಸಿದ ಬೀಸಣಿಗೆಯದೊಂದೇ. ಸಂಜೆ ಪಕ್ಕದ ಓಣಿಯ ಮನೆಮನೆಯ ತಂದೂರಿನಲ್ಲಿ ಹುಣಸೆಹುಳಿ ಈರುಳ್ಳಿ ತುಂಬಿದ ಸಬೂರ್ ಸುಡುವ ಘಮಲು ಗೋಡೆ ಹಾರಿ ಬರುತ್ತಿರುವಾಗ, ನಾವು ಬೇಳೆ ಸಾರು ಕುಡಿಯುತ್ತಾ ಬಾರದ ಬಿರುಗಾಳಿಯಿಂದ ಪಾರಾದದ್ದಕ್ಕೆ ದೇವರಿಗೆ ಕೃತಜ್ಞತೆ ಸಲ್ಲಿಸಿದೆವು.

ಮುಂದಿನ ವಾರ, ಅರ್ಧಚಂದ್ರದ ದಿನ, ತಾವೇ ಕೃಪೆಯಿಟ್ಟು ಹೊರಡಿರೆಂದು ಅಪ್ಪಣೆ ಕೊಡಿಸಿದಿರಿ. ದಾಖಿಲ್ ತಲೆ ಕೆರೆದುಕೊಂಡು, "ಹಾಜೀ, ಇವತ್ತು ನೀರು ಮೇಲೆ ಬರಲ್ಲ. ಚಂದ್ರ ನೋಡಿ, ಅರ್ಧ ಇದಾನೆ" ಎಂದ. ಭಾವನವರು ತಮ್ಮನ್ನು ತಟ್ಟಿ, "ಚಂದ್ರಂಗೇನ್ ಗೊತ್ತು? ಅವನಿಗೇನು ಮೊಣಕಾಲಿದ್ಯಾ?" ಎಂದರು. ನಾನೂ ದಾಖಿಲನೂ ಬಲೆ ಹೆಗಲಿಗೇರಿಸಿದೆವು. ಹೊರಟೆವು.

ತಮ್ಮ ಸೂಚನೆಯಂತೆ ದೋಣಿಯನ್ನು ನಡುಗಡ್ಡೆಯ ಹಿಂದಿನ ಕಿರುಗಾಲುವೆಗೆ ತಿರುಗಿಸಿದೆವು. ಅಲ್ಲಿ ನೀರಿಗಿಂತ ಕೆಸರು ಹೆಚ್ಚಿತ್ತು. ದೋಣಿ ಮೆತ್ತಗೆ ಕೂತುಬಿಟ್ಟಿತು. "ಹಾಜೀ, ನೀರೇ ಇಲ್ವಲ್ಲ ಇಲ್ಲಿ" ಎಂದ ದಾಖಿಲ್. "ಬರುತ್ತೆ ಕಣೋ, ಆತುರಗೆಟ್ಟವನೇ. ಇದು ಹೇಳ್ತಿದೆ" ಎಂದರು ಭಾವ. ಬಂದದ್ದು ಪೂರ್ವದ ಗಾಳಿ, ಮರುಭೂಮಿಯ ಧೂಳನ್ನೆಲ್ಲ ಹೊತ್ತುಕೊಂಡು. ನಾನೂ ದಾಖಿಲನೂ ಸೊಂಟದ ತನಕ ಕೆಸರಿಗಿಳಿದು ದೋಣಿ ತಳ್ಳುತ್ತಿದ್ದರೆ, ಕೆಸರು ತಮಗೆ ಒಗ್ಗುವುದಿಲ್ಲವೆಂಬ ಕಾರಣದಿಂದ ಭಾವನವರು ಮೇಲೆ ಕೂತು ತಲೆಗೆ ಬಟ್ಟೆ ಸುತ್ತಿಕೊಂಡು, "ಎಡಕ್ಕೆ ಒತ್ತು! ಅಯ್ಯೋ, ನಿನ್ನೆಡ ಅಲ್ಲ, ನನ್ನೆಡ!" ಎಂದು ಮಾರ್ಗದರ್ಶನ ಮಾಡುತ್ತಿದ್ದರು. ಒಂದು ಎಮ್ಮೆ ದಡಕ್ಕೆ ಬಂದು ನಮ್ಮನ್ನು ಬಹಳ ಹೊತ್ತು ನೋಡಿ, ಬೇಸರವಾಗಿ ಹೋಯಿತು. ಸಂಜೆಯ ಉಬ್ಬರ ಬಂದು ನಮ್ಮನ್ನು ಎತ್ತುವ ತನಕ ಅಲ್ಲೇ ಇದ್ದೆವು. ಸಿಕ್ಕಿದ್ದು ಒಂದೇ ಮೀನು, ಅದೂ ಬೆರಳುದ್ದದ್ದು, ತಾನೇ ದೋಣಿಗೆ ಹಾರಿ ಬಿದ್ದದ್ದು.

ದಡ ಹತ್ತಿದ ಮೇಲೆ ನನ್ನ ತಾಳ್ಮೆ ಕೆಟ್ಟಿತು, ಒಪ್ಪಿಕೊಳ್ಳುತ್ತೇನೆ. "ಭಾವಾ, ಇನ್ಮೇಲೆ ನಿಮ್ಮ ಮೊಣಕಾಲಿನ ಮಾತು ಕೇಳಿದ್ರೆ ನನ್ನ ಹೆಸರು ಫಾಲಿಹ್ ಅಲ್ಲ" ಎಂದೆ. ಅವರ ಮುಖ ಸಪ್ಪಗಾಯಿತು, ಮರುಕ್ಷಣ ಕೆಂಪಗಾಯಿತು. "ಹಾಗೋ! ಸರಿ ಹಾಗಾದ್ರೆ. ನನ್ನ ಹತ್ರ ಇನ್ನು ಮಾತಾಡ್ಬೇಡ. ಮಾತಾಡೋದಿದ್ರೆ ಇದರ ಹತ್ರಾನೇ ಮಾತಾಡು" ಎಂದು ತಮ್ಮನ್ನು ತೋರಿಸಿ, ಕುಂಟುತ್ತಾ ಹೋದರು. ಹಿರಿಯರ ಮಾತು ಮೀರಬಾರದೆಂದು ಅದನ್ನೇ ಈಗ ಪಾಲಿಸುತ್ತಿದ್ದೇನೆ.

ಅಮಾವಾಸ್ಯೆ ಬಂತು. ತಮ್ಮ ಅಪ್ಪಣೆ ಕೇಳದೆ, ಭಾವನವರನ್ನು ಕರೆಯದೆ, ನಾನೂ ದಾಖಿಲನೂ ಇಬ್ಬರೇ ಹೋದೆವು. ಮಾನ್ಯರೇ, ಎಂಥಾ ನೀರು! ಬಲೆ ಹಾಕಿದಲ್ಲೆಲ್ಲ ಬೆಳ್ಳಿ ಹೊಳೆಯುತ್ತಿತ್ತು. ನಾವು ಬದುಕಿನಲ್ಲಿ ಅಷ್ಟು ಸಬೂರ್ ಹಿಡಿದವರಲ್ಲ. ತಾವಿಲ್ಲದೆ ಮೀನುಗಾರಿಕೆ ಎಷ್ಟು ಸುಸೂತ್ರವಾಗಿ ನಡೆಯಿತೆಂದು ತಮಗೆ ತಿಳಿಸಲು ಹರ್ಷಿಸುತ್ತೇನೆ.

ಹರ್ಷ ಅಲ್ಲಿಗೆ ಮುಗಿಯಿತು. ಭಾವನವರಿದ್ದರೆ ಬಲೆಗೆ ಬಿದ್ದ ಒಂದೊಂದು ಮೀನಿಗೂ ಸತ್ಕಾರವಿರುತ್ತಿತ್ತು. "ಬಂದ್ಯಾ? ನಮ್ಮ ಚಿಕ್ಕಪ್ಪನ ಮಗನ ಥರ, ಕರೀದೇ ಬಂದ್ಯಾ?" ಎನ್ನುವರು. ತಪ್ಪಿಸಿಕೊಂಡು ಹೋದದ್ದಕ್ಕೆ, "ಹೋಗು, ನಿಮ್ಮಮ್ಮಂಗೆ ಸಲಾಮ್ ಹೇಳು, ನಾಳೆ ಅವಳನ್ನೂ ಕರ್ಕೊಂಡ್ಬಾ" ಎನ್ನುವರು. ಅಂದು ದೋಣಿಯಲ್ಲಿ ಕೇಳಿದ್ದು ಇಷ್ಟೇ. "ಒಂದು ಬಿತ್ತು" ಎಂದ ದಾಖಿಲ್. "ಹೂಂ" ಎಂದೆ. "ಇನ್ನೊಂದು ಬಿತ್ತು" ಎಂದ. "ಹೂಂ" ಎಂದೆ. ಮೂರನೆಯದು ಬಿದ್ದಾಗ ಅವನು, "ಇದಕ್ಕೆ ಹಾಜಿ ಏನಂತ ಬೈತಿದ್ರೋ?" ಎಂದ. ನಾನೊಂದು ಬೈಗುಳ ಪ್ರಯತ್ನಿಸಿದೆ. ಕೋರ್ಟಿನ ನೋಟೀಸಿನಂತೆ ಕೇಳಿಸಿತು. ದಾಖಿಲ್ ಒಂದು ಪ್ರಯತ್ನಿಸಿದ, ಅದನ್ನು ಇಲ್ಲಿ ಬರೆಯುವಂತಿಲ್ಲ. ಒಣನಿಂಬೆಯ ಚಹಾ ಕಾಸಿದೆವು, ಕಹಿಯಾಯಿತು. ಇನ್ನೂ ನೀರು ಏರುತ್ತಿರುವಾಗಲೇ, ಇನ್ನೂ ಮೀನು ಬೀಳುತ್ತಿರುವಾಗಲೇ, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ದೋಣಿ ಮನೆಯ ಕಡೆಗೆ ತಿರುಗಿಸಿದೆವು.

ಅರ್ಧ ಮೀನನ್ನು ಅಕ್ಕನ ಮನೆಗೆ ಒಯ್ದೆ. ಬಾಗಿಲಲ್ಲೇ ನಿಲ್ಲಿಸಿ ಅವಳು ನನಗೆ ಮಂಗಳಾರತಿ ಎತ್ತಿದಳು. "ಲೋ ಫಾಲಿಹ್, ನಿನ್ನ ಮೀನು ಸುಡ! ಒಳಗೆ ನಿನ್ನ ಭಾವ ರಾತ್ರಿಯಿಡೀ ನರಳ್ತಾರೆ, ಬೆಳಗಾದ್ರೆ ಏನೂ ಆಗಿಲ್ಲ ಅನ್ನೋ ಹಾಗೆ ಕೂತ್ಕೋತಾರೆ. ಡಾಕ್ಟ್ರು ದಿನ ಕೊಟ್ಟಿದ್ದಾರೆ, ಈ ಮನುಷ್ಯ ಹೋಗಲ್ಲ ಅಂತಾರೆ. ಯಾಕೆ ಅಂದ್ರೆ ಏನಂದ್ರು ಗೊತ್ತಾ? 'ಬಲೆ ಎಳೆಯೋಕೆ ನನ್ನ ಕೈಲಾಗಲ್ಲ, ಹುಟ್ಟು ಹಾಕೋಕಾಗಲ್ಲ. ಅವರು ನನ್ನ ಕರ್ಕೊಂಡು ಹೋಗ್ತಿದ್ದಿದ್ದೇ ಈ ಮೊಣಕಾಲಿಗೋಸ್ಕರ. ಇದನ್ನ ತೆಗೆಸಿ ಕಬ್ಬಿಣ ಹಾಕಿಸ್ಕೊಂಡ್ರೆ ಆಮೇಲೆ ದೋಣಿಗೆ ನನ್ನ ಯಾರು ಕರೀತಾರೆ?' ಅಂದ್ರು ಕಣೋ. ಅಂದು ಗೋಡೆ ಕಡೆ ತಿರುಗಿ ಮಲಗಿದ್ರು." ಹೀಗೆ ಹೇಳಿ ಅಕ್ಕ ಮೀನಿನ ಬುಟ್ಟಿ ಕಿತ್ತುಕೊಂಡು ಬಾಗಿಲು ಹಾಕಿದಳು. ನಾನು ಅಂಗಳದಲ್ಲಿ ನಿಂತೇ ಅತ್ತುಬಿಟ್ಟೆ. ಕೋರ್ಟಿನ ಮುಂದೆ ಅಷ್ಟು ಜನರ ಗೋಳು ಕೇಳಿ ಬರೆದವನಿಗೆ ಮನೆಯವರ ಗೋಳು ಕೇಳಿಸಿರಲಿಲ್ಲ.

ಆದ್ದರಿಂದ, ಮಾನ್ಯರೇ, ತಾವು ಕೆಳಕಂಡ ಸಹಾಯಗಳನ್ನು ಮಾಡಿಕೊಡಬೇಕಾಗಿ ಪ್ರಾರ್ಥನೆ. ಗಾಳಿಯ ಇಲಾಖೆಯ ಅಧಿಕಾರವನ್ನು ದಾಖಿಲನ ಮೊಬೈಲಿಗೆ ವಹಿಸಿಕೊಟ್ಟು, ಚಂದ್ರನವರಲ್ಲಿ ಅವರ ಹುಣ್ಣಿಮೆಯೊಂದನ್ನು ವ್ಯರ್ಥಮಾಡಿದ್ದಕ್ಕಾಗಿ ಲಿಖಿತ ಕ್ಷಮೆ ಕೇಳಬೇಕು. ಕರಡು ನಾನೇ ಬರೆದುಕೊಡುತ್ತೇನೆ, ಶುಲ್ಕವಿಲ್ಲ. ತಮ್ಮ ಬೀಳ್ಕೊಡುಗೆಗೆ ಆಸ್ಪತ್ರೆಯ ಬಾಗಿಲಲ್ಲಿ ಡೋಲು ಬಡಿಸುವ ಏರ್ಪಾಡಾಗಿದೆ, ಡಾಕ್ಟರರು ಬೇಡವೆಂದರೆ ರಸ್ತೆಯಾಚೆಗೆ ಬಡಿಸುತ್ತೇವೆ. ಹೊಸದಾಗಿ ಬರುವ ಲೋಹದವರು ಯಾವ ಇಲಾಖೆಯನ್ನೂ ಕೇಳದೆ ಬಾಯಿ ಮುಚ್ಚಿಕೊಂಡು ಮಡಚಿಕೊಳ್ಳಬೇಕು, ಬಿಚ್ಚಿಕೊಳ್ಳಬೇಕು. ಲೋಹವಾದ್ದರಿಂದ ನದಿಯಾಚೆಯ ಇರಾನಿನ ರೇಡಿಯೊ ಅವರಲ್ಲಿ ಕೇಳಿಸತೊಡಗಿದರೆ ಹಾಡುಗಳನ್ನು ಮಾತ್ರ ಒಪ್ಪುತ್ತೇವೆ, ಹವಾಮಾನ ವರದಿಯನ್ನಲ್ಲ.

ಇಷ್ಟೂ ಆದ ಮೇಲೆ ತಮಗೆ ನೋವಾಗುವ ಒಂದು ಮಾತನ್ನು ಹೇಳಲೇಬೇಕು. ತಮ್ಮನ್ನು ನಾವು ಎಂದೂ ನಂಬಿರಲಿಲ್ಲ. ಮೊನ್ನೆ ದಾಖಿಲನನ್ನು ಕೇಳಿದೆ. ಅವನು ಬಲೆ ಹೊಲಿಯುತ್ತಾ, "ಹಾಜಿ ಮೊಣಕಾಲು ಬೇಡ ಅಂದ ದಿನ ನೀರು ಹಾಲಿದ್ದ ಹಾಗೆ ಇರುತ್ತೆ, ಅದು ನಂಗೆ ಮೊದಲಿಂದಾನೂ ಗೊತ್ತು" ಎಂದ. "ಗೊತ್ತಿದ್ದೂ ಯಾಕೋ ಹೋಗ್ತಿರ್ಲಿಲ್ಲ?" ಎಂದೆ. ಅವನು ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿ, "ಅವರಿಲ್ದೆ ಹೋಗಿ ಏನ್ ಮಾಡೋದು ಫಾಲಿಹಣ್ಣಾ? ಮೀನು ಹಿಡಿಯೋದಾ?" ಎಂದ.

ಇದನ್ನು ತಮ್ಮ ಮಾಲೀಕರಿಗೆ ತಾವೇ ತಿಳಿಸಬೇಕು, ಏಕೆಂದರೆ ನನಗೆ ಅವರೊಡನೆ ಮಾತಿಲ್ಲ. ಹಾಗೆಯೇ ಇದನ್ನೂ ತಿಳಿಸಿ. ಹೊಸ ಮೊಣಕಾಲಿನವರು ದೋಣಿ ಹತ್ತುವಂತಾಗುವಷ್ಟರಲ್ಲಿ ಹಂಗಾಮು ಮುಗಿಯುತ್ತದೆಂದು ಡಾಕ್ಟರರ ಅಂದಾಜು. ಮುಗಿಯಲಿ. ಉಬ್ಬರ ಇನ್ನೂ ಏರುತ್ತಿದೆ, ಚಂದ್ರನವರ ಸಹಿಯೂ ಬಿದ್ದಿದೆ, ಪಕ್ಕದ ಓಣಿಯವರು ಹಾಡು ಹೇಳಿಕೊಂಡು ಹೋಗುತ್ತಿದ್ದಾರೆ. ದಾಖಿಲ್ ಮಾತ್ರ ನಿನ್ನೆ ದೋಣಿಯನ್ನು ದಡಕ್ಕೆಳೆದು ಬೋರಲು ಹಾಕಿದ. ನಾನು ಇನ್ನೊಂದು ತುದಿ ಹಿಡಿದೆ. ಭಾವನವರು ಬಂದು, ನಮ್ಮಿಬ್ಬರಿಗೂ ಬೈದು, "ಎತ್ರೋ" ಎನ್ನುವ ತನಕ ಅದನ್ನು ಎತ್ತುವುದಿಲ್ಲ.

ಇಂತು, ಕೆಸರು ಇನ್ನೂ ಕಿವಿಯಿಂದ ಪೂರ್ತಿ ಹೋಗಿರದ,
ತಮ್ಮ ವಿಶ್ವಾಸಿ,
ಫಾಲಿಹ್, ಅರ್ಜಿ ಬರಹಗಾರ

ತಾಜಾಕಲಂ: ಆಸ್ಪತ್ರೆಗೆ ಗೊತ್ತಾದ ಆ ದಿನ ಬೆಳಗ್ಗೆ ಕಾರು ತೆಗೆದುಕೊಂಡು ನಾನೂ ದಾಖಿಲನೂ ಅಕ್ಕನ ಮನೆ ಬಾಗಿಲಿಗೆ ಬರುತ್ತೇವೆ. ಅಂದು ಹೊರಡಬಹುದೋ ಬಾರದೋ ಎಂದು ತಾವು ದಯವಿಟ್ಟು ಹೇಳಲು ಹೋಗಬೇಡಿ. ತಡೆಯಲಾರದೆ "ಬೇಡ" ಎಂದು ಚುಚ್ಚಿದರೆ, ತಮ್ಮ ಇದುವರೆಗಿನ ಸೇವೆಯ ಅನುಭವದ ಮೇಲೆ, ಅದಕ್ಕಿಂತ ಒಳ್ಳೆಯ ದಿನ ಇನ್ನೊಂದಿಲ್ಲವೆಂದೇ ತಿಳಿದು ಹೊರಡುತ್ತೇವೆ.