ಎರಡಕ್ಷರದ ತೂತು

ದೃಢೀಕೃತ ನಕಲು ಕಚೇರಿಯಲ್ಲಿ ಮೂಲ ಪ್ರತಿಗೆ ಯಾವ ಮರ್ಯಾದೆಯೂ ಇರುವುದಿಲ್ಲ. ಇದು ನಿಯಮ, ಯಾರೂ ಬೇಜಾರು ಮಾಡಿಕೊಳ್ಳತಕ್ಕದ್ದಲ್ಲ. ಮೂಲ ಪ್ರತಿ ಎನ್ನುವುದು ಯಾರೋ ಎಲ್ಲೋ ಕೂತು ಬರೆದದ್ದು. ಅದನ್ನು ನಾವು ಸಾಲು ಸಾಲಾಗಿ ನಕಲು ಮಾಡಿ, ತಾಳೆ ನೋಡಿ, ಮೊಹರು ಒತ್ತಿದ ಮೇಲೆಯೇ ಅದು ನಿಜವಾಗುತ್ತದೆ. ನಕಲಿಗೂ ಮೂಲಕ್ಕೂ ವ್ಯತ್ಯಾಸ ಕಂಡುಬಂದಲ್ಲಿ ಮೂಲವೇ ತಪ್ಪೆಂದು ತಿಳಿಯತಕ್ಕದ್ದು ಎಂದು ನಮ್ಮ ಕೈಪಿಡಿಯ ಏಳನೇ ಪುಟದಲ್ಲಿದೆ.

ಆ ಕಚೇರಿಯಲ್ಲಿ ನಾನು ನಕಲು ಗುಮಾಸ್ತ. ಹತ್ತೊಂಬತ್ತು ವರ್ಷದ ಸೇವೆ. ನನ್ನ ದೇಹದ ವಿಷಯವನ್ನೂ ಇಲ್ಲಿ ಹೇಳಬೇಕಾಗಿದೆ, ಏಕೆಂದರೆ ಈ ವರದಿಗೆ ಮುಖ್ಯ ಲಗತ್ತು ಅದೇ. ನಾನು ದಪ್ಪಗಿದ್ದೇನೆ. ಕಾಯಿಲೆ ಅದಲ್ಲ. ಎಲ್ಲರ ಎದುರು ಡಬ್ಬಿ ಬಿಚ್ಚಿ, ಎರಡು ತುತ್ತಿಗೇ ಸಾಕೆಂದು ಎದ್ದು, ಆಮೇಲೆ ದಾಖಲೆ ಕೊಠಡಿಗೆ ಹೋಗಿ ರದ್ದಾದ ಕಡತಗಳ ಕಪಾಟಿನ ಹಿಂದೆ ನಿಂತುಕೊಂಡು ಬ್ರೆಡ್ಡು, ಬಿಸ್ಕತ್ತು, ಕಡಲೆಬೀಜ ಏನಿದ್ದರೆ ಅದನ್ನು ಖಾಲಿ ಮಾಡುತ್ತಿದ್ದೆನಲ್ಲ, ಕಾಯಿಲೆ ಅದು. ಹಸಿವಿರುತ್ತಿರಲಿಲ್ಲ. ರುಚಿಯೂ ಗೊತ್ತಾಗುತ್ತಿರಲಿಲ್ಲ. ಕೈ ಒಮ್ಮೆ ಶುರುಮಾಡಿದರೆ ನನ್ನ ಮಾತು ಕೇಳುತ್ತಿರಲಿಲ್ಲ. ಮುಗಿದ ಮೇಲೆ ನೆಲದ ಮೇಲಿನ ಚೂರುಗಳನ್ನು ಹೆಕ್ಕಿ ಜೇಬಿಗೆ ಹಾಕಿಕೊಂಡು ಹೊರಗೆ ಬರುವಾಗ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತಿತ್ತು. ಇದು ಯಾರಿಗೂ ಗೊತ್ತಿಲ್ಲವೆಂದು ನಾನು ತಿಳಿದುಕೊಂಡಿದ್ದೆ.

ಕೊನೆಗೊಂದು ದಿನ ಧೈರ್ಯ ಮಾಡಿ ಡಾಕ್ಟರಮ್ಮನ ಹತ್ತಿರ ಹೋದೆ. ಆಕೆ ಬೈಯಲಿಲ್ಲ. "ಆರು ತಿಂಗಳು ತೂಕದ ಯಂತ್ರ ಹತ್ತಬೇಡಿ. ಹೊತ್ತುಹೊತ್ತಿಗೆ ಊಟ ಮಾಡಿ. ಯಾರಾದರೂ ಒಬ್ಬರ ಎದುರಿಗೆ ಕೂತು ಮಾಡಿ" ಎಂದರು.

"ಎಷ್ಟು ತಿನ್ನಬೇಕು ಡಾಕ್ಟ್ರೇ?"

"ನೀವು ಅದನ್ನ ಕೇಳೋದು ಬಿಟ್ಟಾಗ ಹೇಳ್ತೀನಿ."

ಎದುರಿಗೆ ಕೂರಲು ನಾನು ಆರಿಸಿಕೊಂಡದ್ದು ಟಪಾಲಮ್ಮನನ್ನು. ಬರುವ, ಹೋಗುವ ಪತ್ರಗಳಿಗೆಲ್ಲ ನಂಬರು ಹಾಕುವ ಕೆಲಸ ಅವರದು. ನಿವೃತ್ತಿಗೆ ಎಂಟು ತಿಂಗಳಿತ್ತು. ನನ್ನನ್ನು ನಕಲಪ್ಪಾ ಎಂದು ಕರೆಯುತ್ತಾರೆ, ನಾನು ಅವರನ್ನು ಅಕ್ಕಾ ಎನ್ನುತ್ತೇನೆ. ನನ್ನ ಸಂಕಟವನ್ನೆಲ್ಲ ತೊದಲಿಕೊಂಡು ಹೇಳಿದಾಗ ಅವರು ಡಬ್ಬಿಯ ಮುಚ್ಚಳ ತೆಗೆಯುತ್ತಾ, "ಊಟಕ್ಕೆ ಕೂರೋಕೂ ಅರ್ಜಿ ಹಾಕ್ತೀಯೇನೋ? ಬಾ, ಕೂತ್ಕೋ" ಎಂದರು. ನಲವತ್ತೊಂದು ದಿನ ಹಾಗೆ ಕೂತೆ. ಹದಿನೇಳನೇ ದಿನ ಊಟ ಮುಗಿದರೂ ದಾಖಲೆ ಕೊಠಡಿಯ ನೆನಪು ಬರಲಿಲ್ಲ. ನನಗೆ ಅಳು ಬಂತು. ಟಪಾಲಮ್ಮ, "ಖಾರ ಜಾಸ್ತಿಯಾಯ್ತಾ?" ಎಂದು ಕೇಳಿದರು.

ನಲವತ್ತೆರಡನೇ ದಿನ ಪ್ರಧಾನ ಕಚೇರಿಯಿಂದ ಸುತ್ತೋಲೆ ಬಂತು. ಅದರ ನಕಲು ಮಾಡಿದವನು ನಾನೇ. ಮೊದಲ ಸಾಲು "ನೌಕರರಲ್ಲಿ ದಿನೇದಿನೇ ಹೆಚ್ಚುತ್ತಿರುವ ತೂಕ" ಎಂಬಲ್ಲಿಗೆ ಮುಗಿದಿತ್ತು. ಎರಡನೇ ಸಾಲಿನ ಆರಂಭದಲ್ಲಿ, ಕಡತಕ್ಕೆ ದಾರ ಪೋಣಿಸಲು ಯಾರೋ ಒತ್ತಿದ ದುಂಡನೆಯ ತೂತು. ತೂತಿನ ಆಚೆ "ಯನ್ನು ಕೂಡಲೇ ನಿವಾರಿಸತಕ್ಕದ್ದು. ಇದು ಊಟದ ನಂತರ ವಿಶೇಷವಾಗಿ ಕಂಡುಬರುತ್ತಿದ್ದು, ಸಾರ್ವಜನಿಕರ ಎದುರು ಕಚೇರಿಯ ಘನತೆಗೆ ಕುಂದು ತಂದಿದೆ" ಎಂದಿತ್ತು. "ತೂಕಯನ್ನು" ಎಂಬ ಪದ ಕನ್ನಡದಲ್ಲಿಲ್ಲ. ಮೇಲಿನವರಿಗೆ ಸಂಧಿ ಬರುವುದಿಲ್ಲವೆಂದು ಒಳಗೊಳಗೇ ನಕ್ಕು, "ತೂಕವನ್ನು" ಎಂದು ತಿದ್ದಿದೆ. ನನ್ನ ಇಡೀ ಸೇವೆಯಲ್ಲಿ ನಾನು ಸ್ವಂತ ಬುದ್ಧಿಯಿಂದ ಮಾಡಿದ ತಿದ್ದುಪಡಿ ಅದೊಂದೇ.

ಸಾಹೇಬರು ಓದಿ ಗಂಭೀರರಾದರು. ನಮ್ಮ ಸಾಹೇಬರು ಯಾವಾಗಲೂ ಹೊಟ್ಟೆಯನ್ನು ಒಳಗೆಳೆದುಕೊಂಡೇ ಮಾತನಾಡುವುದರಿಂದ ಅವರ ವಾಕ್ಯಗಳು ಚಿಕ್ಕವು. "ಅಭಿಯಾನ ಮಾಡೋಣ. ನಾಳೆಯಿಂದ. ಎಲ್ಲರೂ" ಎಂದರು.

ಮರುದಿನ ಬಾಗಿಲಲ್ಲಿ ತೂಕದ ಯಂತ್ರ ಬಂತು. ಸಹಿಯ ಹಾಜರಿ ರದ್ದಾಗಿ ತೂಕದ ಹಾಜರಿ ಜಾರಿಯಾಯಿತು. ಪ್ರತಿಯೊಬ್ಬರೂ ಹತ್ತತಕ್ಕದ್ದು, ಅಂಕಿಯನ್ನು ಗಟ್ಟಿಯಾಗಿ ಕೂಗತಕ್ಕದ್ದು, ಕೇಳಿದವರು ಅಯ್ಯೋ ಎನ್ನತಕ್ಕದ್ದಲ್ಲ. ಯಂತ್ರ ಹತ್ತಬಾರದೆಂದು ಡಾಕ್ಟರಮ್ಮ ಬರೆದುಕೊಟ್ಟಿದ್ದ ಚೀಟಿ ತೋರಿಸಿದೆ. ಸಾಹೇಬರು ಅದನ್ನು ದೃಢೀಕರಿಸಿಕೊಂಡು ಬನ್ನಿ ಎಂದರು. ದೃಢೀಕರಿಸುವ ಕಚೇರಿ ನಮ್ಮದೇ ಆದ್ದರಿಂದ ಅರ್ಜಿ ಸರದಿಯಲ್ಲಿ ಕೂತಿತು. ನಾನು ಯಂತ್ರ ಹತ್ತಿದೆ. ಕೂಗಿದೆ. ಅಂದು ಇಡೀ ದಿನ ಬರೆದ ಸಾಲುಗಳಲ್ಲಿ ಆ ಅಂಕಿಯೇ ಕಾಣುತ್ತಿತ್ತು.

ಕಚೇರಿಯ ಪಡಸಾಲೆಯಲ್ಲಿ ಆಳೆತ್ತರದ ಕನ್ನಡಿ ನಿಲ್ಲಿಸಿ, ಕೆಳಗೆ "ಇದು ನೀವೇ, ಬೇರೆಯವರಲ್ಲ" ಎಂದು ಬರೆಸಲಾಯಿತು. ಎಲ್ಲರ ಕಣ್ಣಿಗೆ ಬೀಳುವಂತೆ ಊಟ ಮಾಡುವುದು ನಿಷೇಧವಾಯಿತು. "ಊಟ ಆಯ್ತಾ?" ಎಂದು ವಿಚಾರಿಸುವವರು ಇನ್ನು ಮುಂದೆ "ಊಟ ಬಿಟ್ರಾ?" ಎಂದು ವಿಚಾರಿಸತಕ್ಕದ್ದು. ಕಡತಗಳಲ್ಲಿ ತಿನ್ನು ಎಂಬ ಕ್ರಿಯಾಪದವನ್ನೇ ಕೈಬಿಡಲಾಯಿತು. ಹೀಗಾಗಿ ಆ ತಿಂಗಳು ಹೊಡೆದಾಟದ ದೂರೊಂದರ ನಕಲಿನಲ್ಲಿ ಫಿರ್ಯಾದಿಯು ನಾಲ್ಕು ಪೆಟ್ಟು ಸ್ವೀಕರಿಸಿದನು. ಇನ್ನೊಂದರಲ್ಲಿ ಲಂಚ ತಿಂದಿದ್ದ ನೌಕರನು ಲಂಚದ ವಿಷಯದಲ್ಲಿ ಉಪವಾಸ ಮುರಿದನು. ಸಾರ್ವಜನಿಕರಿಂದ ಆಕ್ಷೇಪಣೆ ಬರಲಿಲ್ಲ.

ಮಾದರಿ ನೌಕರನೆಂದು ಟೈಪಿಸ್ಟನನ್ನು ಘೋಷಿಸಲಾಯಿತು. ಕಚೇರಿಯಲ್ಲಿ ಅವನನ್ನು ಕಡ್ಡಿ ಎಂದೇ ಕರೆಯುವುದು. ಮಣಿಕಟ್ಟಿನ ಸುತ್ತ ಹೆಬ್ಬೆರಳು, ತೋರುಬೆರಳು ಸೇರಿಸಿ ಅಳತೆ ನೋಡಿಕೊಳ್ಳುವುದು ಅವನ ಅಭ್ಯಾಸ. ಗಂಟೆಗೊಮ್ಮೆ ಎದ್ದುಹೋಗಿ ಕನ್ನಡಿಯ ಮುಂದೆ ನಿಲ್ಲುತ್ತಿದ್ದ. "ಅಣ್ಣಾ, ನಿಜ ಹೇಳು. ಇಲ್ಲಿ ಉಬ್ಬಿದೀನಿ ಅಲ್ವಾ?" ಎಂದು ನನಗೆ ತೋರಿಸಿದ್ದು ಪಕ್ಕೆಲುಬನ್ನು.

"ಅದು ಮೂಳೆ ಕಣೋ."

"ನೀನು ಮನಸ್ಸು ನೋಯಬಾರದು ಅಂತ ಹೇಳ್ತಿದೀಯ."

ಅವನ ಶ್ರದ್ಧೆಯನ್ನು ಮೆಚ್ಚಿ ಸಾಹೇಬರು ಅವನಿಗೆ ಕನ್ನಡಿಯ ಬಳಕೆಗೆ ಸಮಯದ ಮಿತಿಯಿಂದ ವಿನಾಯಿತಿ ಕೊಟ್ಟರು.

ಎರಡನೇ ವಾರ ಹಳೆಯ ಕಡತವೊಂದನ್ನು ತರಲು ದಾಖಲೆ ಕೊಠಡಿಗೆ ಹೋದೆ. ಜನನ ಪತ್ರಗಳ ಕಪಾಟಿನ ಹಿಂದೆ ಲೆಕ್ಕದ ಗುಮಾಸ್ತರು ಗೋಡೆಗೆ ಮುಖ ಮಾಡಿ ನಿಂತಿದ್ದರು. "ಕಡತ ಹುಡುಕ್ತಿದ್ದೆ" ಎಂದರು, ಕೆನ್ನೆ ಊದಿಸಿಕೊಂಡು. ಜಮೀನು ಪತ್ರಗಳ ಹಿಂದೆ ಇಬ್ಬರಿದ್ದರು. ಅವರೂ ಕಡತ ಹುಡುಕುತ್ತಿದ್ದರು. ರದ್ದಾದ ಕಡತಗಳ ಹಿಂದೆ, ನಾನು ಹನ್ನೊಂದು ವರ್ಷ ನಿಂತಿದ್ದ ಜಾಗದಲ್ಲಿ, ಸಾಹೇಬರಿದ್ದರು.

"ತಪಾಸಣೆ," ಎಂದರು ಸಾಹೇಬರು.

"ತಪಾಸಣೆಯ ಸಿಪ್ಪೆ ಕೆಳಗೆ ಬಿದ್ದಿದೆ ಸಾರ್," ಎಂದೆ. ಅವರು ಮೊಟ್ಟೆಯ ಸಿಪ್ಪೆಯನ್ನು ಹೆಕ್ಕಿ ಜೇಬಿಗೆ ಹಾಕಿಕೊಂಡರು.

ಗಲಾಟೆಯಾಗದಿರಲೆಂದು ಸಾಹೇಬರು ಇದಕ್ಕೊಂದು ಕ್ರಮ ಮಾಡಿದರು. "ಖಾಸಗಿ ಕಡತ ಪರಿಶೀಲನೆ" ಎಂಬ ಹೆಸರಿನಲ್ಲಿ ಪ್ರತಿಯೊಬ್ಬರಿಗೂ ಒಂದು ಕಪಾಟು, ಹತ್ತು ನಿಮಿಷ, ಒಂದು ಚೀಟಿ. ಅಗಿಯುವ ಸದ್ದು ಬಾಗಿಲಿನಾಚೆ ಕೇಳತಕ್ಕದ್ದಲ್ಲ. ಇದರ ಮೇಲ್ವಿಚಾರಕನಾಗಿ ನನ್ನನ್ನು ನೇಮಿಸಿದರು.

"ನಾನೇ ಯಾಕೆ ಸಾರ್?"

"ಈ ವಿಷಯದಲ್ಲಿ ನಿಮ್ಮಷ್ಟು ಅನುಭವ ಇನ್ಯಾರಿಗಿದೆ? ಎಲ್ಲರಿಗೂ ಗೊತ್ತಿರೋದೇ ಅಲ್ವಾ."

ಎಲ್ಲರಿಗೂ ಗೊತ್ತಿತ್ತು. ಹನ್ನೊಂದು ವರ್ಷ. ನಾನು ಹೆಕ್ಕಿದ ಚೂರುಗಳೆಲ್ಲ ವ್ಯರ್ಥ. ಅಂದು ಎಲ್ಲರ ಸರದಿ ಮುಗಿದ ಮೇಲೆ ಬಾಗಿಲು ಹಾಕಿಕೊಂಡು, ಅವರು ಬಿಟ್ಟುಹೋದದ್ದನ್ನೂ ಸೇರಿಸಿ ತಿಂದೆ. ಮರುದಿನವೂ ತಿಂದೆ. ಟಪಾಲಮ್ಮನ ಮೇಜಿನ ಕಡೆ ಹೋಗಲು ಮುಖವಿರಲಿಲ್ಲ. ನಲವತ್ತೊಂದು ದಿನ ಕಷ್ಟಪಟ್ಟು ಕಟ್ಟಿದ್ದು ಒಂಬತ್ತು ದಿನದಲ್ಲಿ ಕುಸಿದಿತ್ತು. ಕಚೇರಿಯಲ್ಲಿ ಮಾತ್ರ ನನ್ನ ಕೆಲಸದ ಬಗ್ಗೆ ಒಳ್ಳೆಯ ಅಭಿಪ್ರಾಯವಿತ್ತು.

ಟಪಾಲಮ್ಮ ಚೀಟಿ ಪಡೆಯಲಿಲ್ಲ. "ಈ ವಯಸ್ಸಲ್ಲಿ ಕಪಾಟಿನ ಹಿಂದೆ ನಿಂತು ತಿನ್ನೋಕೆ ನನ್ನ ಮಂಡಿ ಒಪ್ಪಲ್ಲ" ಎಂದು ತಮ್ಮ ಮೇಜಿನಲ್ಲೇ ಊಟ ಮಾಡುತ್ತಿದ್ದರು. ಸಾಹೇಬರಿಂದ ದಿನಕ್ಕೊಂದು ಎಚ್ಚರಿಕೆಯ ಜ್ಞಾಪನ ಬರುತ್ತಿತ್ತು. ಅದನ್ನು ಅವರೇ ಹೋಗುವ ಪತ್ರವೆಂದು ನಮೂದಿಸಿ, ಅವರೇ ಬಂದ ಪತ್ರವೆಂದು ಸ್ವೀಕರಿಸಿ, ಅದರ ಮೇಲೇ ಡಬ್ಬಿ ಇಟ್ಟುಕೊಳ್ಳುತ್ತಿದ್ದರು.

ಮೂರನೇ ವಾರ ಪ್ರಧಾನ ಕಚೇರಿಯಿಂದ ನೆನಪೋಲೆ ಬಂತು. ಟಪಾಲಮ್ಮ ನನ್ನನ್ನು ಕೂಗಿ, ಒಂದು ಪದದ ಮೇಲೆ ಬೆರಳಿಟ್ಟರು. ಈ ಕಾಗದಕ್ಕೆ ತೂತು ಬಿದ್ದಿರಲಿಲ್ಲ.

"ಓದು ನಕಲಪ್ಪಾ."

"ತೂಕಡಿಕೆ," ಎಂದು ಓದಿದೆ.

"ನಿದ್ದೆ ತೂಗಬೇಡಿ ಅಂತ ಬರೆದಿದ್ರು ಕಣೋ. ನೀವು ಮನುಷ್ಯರನ್ನ ತೂಗಿದ್ರಿ."

ತಲೆಯೆತ್ತಿ ನೋಡಿದೆ. ಬೆಳಗಿನಿಂದ ಖಾಲಿ ಹೊಟ್ಟೆಯಲ್ಲಿದ್ದ ಇಡೀ ಕಚೇರಿ ಸಾಲಾಗಿ ತೂಕಡಿಸುತ್ತಿತ್ತು. ಕಡ್ಡಿ ಒಬ್ಬನೇ ತೂಕಡಿಸುತ್ತಿರಲಿಲ್ಲ. ಅವನು ಟೈಪ್ ಯಂತ್ರದ ಮೇಲೆ ತಲೆ ಸುತ್ತಿ ಬಿದ್ದಿದ್ದ. ಹಣೆಯ ಭಾರಕ್ಕೆ ಕಾಗದದ ಮೇಲೆ ಎಂಟು ಅಕ್ಷರ ಒಟ್ಟಿಗೇ ಮೂಡಿದ್ದವು. ನೀರು ಚಿಮುಕಿಸಿ ಎಬ್ಬಿಸಿದಾಗ ಅವನು ಕೇಳಿದ ಮೊದಲ ಮಾತು, "ಬಿದ್ದಾಗ ಸದ್ದು ಜೋರಾಗಿ ಬಂತಾ?"

ಈ ಅನಾಹುತಕ್ಕೆಲ್ಲ ಕಾರಣ ನನ್ನ ಒಂದು ಸಂಧಿ. ನೆನಪೋಲೆ ಹಿಡಿದು ಸಾಹೇಬರ ಕೋಣೆಗೆ ಹೋಗಿ ತಪ್ಪೊಪ್ಪಿಕೊಂಡೆ. ಅವರು ನೆನಪೋಲೆಯನ್ನೂ ನನ್ನ ನಕಲನ್ನೂ ಅಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿ, ಕೈಪಿಡಿಯ ಏಳನೇ ಪುಟ ತೆಗೆದರು.

"ನಕಲಿಗೆ ಮೊಹರಿದೆ. ಮೂಲಕ್ಕಿಲ್ಲ. ಮೂಲಾನೇ ತಪ್ಪು."

"ಸಾರ್, ಹುಡುಗ ತಲೆ ಸುತ್ತಿ ಬಿದ್ದ."

"ಮಲಗಿಸಿ. ತೂಕಡಿಸದ ಹಾಗೆ ನೋಡ್ಕೊಳ್ಳಿ."

ಅಂದೇ ಪ್ರಧಾನ ಕಚೇರಿಗೆ ಉತ್ತರ ಹೋಯಿತು: "ತಮ್ಮ ಸುತ್ತೋಲೆಯಲ್ಲಿ 'ಡಿಕೆ' ಎಂಬ ಎರಡು ಅಕ್ಷರಗಳು ಹೆಚ್ಚುವರಿಯಾಗಿ ಕಂಡುಬಂದಿದ್ದು, ಅಭಿಯಾನದ ಅಂಗವಾಗಿ ಅವನ್ನೂ ಇಳಿಸಲಾಗಿದೆ." ಎರಡು ಅಕ್ಷರ ಇಳಿಸಿದ್ದಕ್ಕೆ ನಾಲ್ಕು ದಿನದಲ್ಲಿ ಅಲ್ಲಿಂದ ಮೆಚ್ಚುಗೆ ಪತ್ರ ಬಂತು.

ಆ ಪತ್ರವನ್ನೂ ನಕಲು ಮಾಡಿ ಮುಗಿಸಿದಾಗ ಮಧ್ಯಾಹ್ನ ಗಂಟೆ ಒಂದಾಗಿತ್ತು. ದಾಖಲೆ ಕೊಠಡಿಯ ಬೀಗದ ಕೈ ನನ್ನ ಜೇಬಿನಲ್ಲಿತ್ತು, ಹೊರಗೆ ಚೀಟಿ ಹಿಡಿದವರ ಸಾಲಿತ್ತು. ಬೀಗದ ಕೈಯನ್ನು ಸಾಲಿನಲ್ಲಿ ಮೊದಲು ನಿಂತವರ ಕೈಗೆ ಕೊಟ್ಟು, ಡಬ್ಬಿ ಎತ್ತಿಕೊಂಡು ಟಪಾಲಮ್ಮನ ಮೇಜಿಗೆ ಹೋದೆ. ಅಷ್ಟು ಜನರ ಕಣ್ಣೂ ನನ್ನ ಬೆನ್ನಿನ ಅಗಲವನ್ನೇ ಅಳೆಯುತ್ತಿವೆ ಅನ್ನಿಸಿತು. ಟಪಾಲಮ್ಮ ಕುರ್ಚಿ ಎಳೆದುಕೊಟ್ಟರು. ಅನ್ನ, ತರಕಾರಿ, ಒಂದು ಬಾಳೆಹಣ್ಣು. ಪೂರ್ತಿ ಊಟ ಮಾಡಿದೆ.

ಮಧ್ಯಾಹ್ನ ಎರಡಕ್ಕೆ ವಿಚಾರಣೆ.

"ಎಲ್ಲರ ಕಣ್ಣಿಗೂ ಬೀಳೋ ಹಾಗೆ ಊಟ ಮಾಡಿದ್ರಂತೆ."

"ಹೌದು ಸಾರ್."

"ಕಪಾಟು ಕೊಟ್ಟಿದೀವಲ್ರೀ."

"ಕಪಾಟಿನ ಹಿಂದೆ ನಿಂತರೆ ನನ್ನ ಕೈ ನಿಲ್ಲಲ್ಲ ಸಾರ್. ಎದುರಿಗೆ ಒಬ್ಬರು ಕೂತಿದ್ರೆ ನಿಲ್ಲುತ್ತೆ."

ಸಾಹೇಬರು ಬಾಗಿಲು ಹಾಕಿದೆಯೇ ಎಂದು ಒಮ್ಮೆ ನೋಡಿಕೊಂಡರು. ಉಸಿರು ಬಿಟ್ಟರು, ಹೊಟ್ಟೆ ತನ್ನ ಜಾಗಕ್ಕೆ ಬಂತು. "ನಿಜವಾಗ್ಲೂ ನಿಲ್ಲುತ್ತಾ?" ಎಂದು ಕೇಳಿದ ದನಿ ಅಧಿಕಾರಿಯದಾಗಿರಲಿಲ್ಲ.

"ಒಂದೇ ದಿನಕ್ಕೆ ಅಲ್ಲ ಸಾರ್. ಆದ್ರೆ ನಿಲ್ಲುತ್ತೆ."

ನನ್ನನ್ನು ಶಿಕ್ಷಿಸಲು ತಾಂತ್ರಿಕ ತೊಡಕಿತ್ತು. ಕಚೇರಿಯಲ್ಲಿ ಯಾರೂ ಊಟ ಮಾಡುತ್ತಿಲ್ಲವೆಂದು ಪ್ರಧಾನ ಕಚೇರಿಗೆ ಈಗಾಗಲೇ ವರದಿ ಹೋಗಿತ್ತು. ಊಟ ಮಾಡಿದ್ದಕ್ಕೆ ಶಿಕ್ಷೆಯಾದರೆ ಊಟವಾದದ್ದು ದಾಖಲೆಗೆ ಬರುತ್ತದೆ. ಆದ್ದರಿಂದ ಸಾಹೇಬರು ಹೀಗೆ ಆದೇಶ ಹೊರಡಿಸಿದರು: "ಮಧ್ಯಾಹ್ನ ಒಂದರಿಂದ ಒಂದೂವರೆಯವರೆಗೆ ಟಪಾಲು ವಿಭಾಗದ ಮೇಜಿನಲ್ಲಿ ಕಂಡುಬರುವವರನ್ನು ಕಾಣದವರೆಂದು ಪರಿಗಣಿಸತಕ್ಕದ್ದು. ಕಾಣದವರ ಗಾತ್ರ, ಆಕಾರ, ತುತ್ತಿನ ಪ್ರಮಾಣ ಇತ್ಯಾದಿಗಳ ಬಗ್ಗೆ ಕಂಡವರು ಟೀಕೆ ಮಾಡತಕ್ಕದ್ದಲ್ಲ." ನಾನೇ ನಕಲು ಮಾಡಿದೆ. ಈ ಬಾರಿ ಸಂಧಿಗಳಿಗೆ ಕೈ ಹಚ್ಚಲಿಲ್ಲ.

ಮರುದಿನ ಲೆಕ್ಕದ ಗುಮಾಸ್ತರು ಡಬ್ಬಿ ತಂದು, "ಇಲ್ಲಿ ಕೂತ್ರೆ ನಾನೂ ಕಾಣಲ್ವಾ?" ಎಂದು ವಿಚಾರಿಸಿದರು. ಆದೇಶದ ಪ್ರಕಾರ ಕಾಣುವುದಿಲ್ಲವೆಂದು ತಿಳಿಸಲಾಯಿತು. ಅವರು ಕೂತರು. ಆ ವಾರವೇ ಇನ್ನೂ ಐದು ಜನ ಕಾಣದಾದರು. ತಿಂಗಳ ಕೊನೆಗೆ ಸಾಹೇಬರೂ ಕಾಣದಾಗಿ, ಮೊಟ್ಟೆಯನ್ನು ಮೇಜಿನ ಮೇಲೆಯೇ ಸುಲಿದರು. ತೂಕದ ಯಂತ್ರ ಇನ್ನೂ ಬಾಗಿಲಲ್ಲೇ ಇದೆ, ಅಭಿಯಾನವೂ ಜಾರಿಯಲ್ಲಿದೆ. ಡಾಕ್ಟರಮ್ಮ ಕೊಟ್ಟ ಚೀಟಿ ಮೊನ್ನೆ ದೃಢೀಕೃತವಾಗಿ ಬಂದದ್ದರಿಂದ ನಾನು ಮಾತ್ರ ಹತ್ತುವುದಿಲ್ಲ. ಈಗಲೂ ಕೆಲವು ದಿನ ಕೈ ಮಾತು ಕೇಳುವುದಿಲ್ಲ. ಅಂಥ ದಿನ ಟಪಾಲಮ್ಮನಿಗೆ ಹೇಳುತ್ತೇನೆ. ಅವರು "ಆಯ್ತು, ನಾಳೆ ಬಾ" ಎನ್ನುತ್ತಾರೆ.

ಸದ್ಯ ಆ ಮೇಜಿನಲ್ಲಿ ಹನ್ನೆರಡು ಜನ ಇಲ್ಲ. ಇಲ್ಲದವರಿಗೆ ಕುರ್ಚಿ ಸಾಲದೆ ಇನ್ನೂ ನಾಲ್ಕಕ್ಕೆ ಬೇಡಿಕೆ ಕಳಿಸಿದ್ದು, ಮಂಜೂರಾಗಿದೆ.

ಕೊನೆಗೆ ಬಂದವನು ಕಡ್ಡಿ. ಡಾಕ್ಟರಮ್ಮನ ಹತ್ತಿರ ಅವನನ್ನು ನಾನೇ ಕರೆದುಕೊಂಡು ಹೋಗಿದ್ದೆ. ನಿನ್ನೆ ಅವನು ಮೇಜಿನ ತುದಿಯಲ್ಲಿ ಕೂತು, ಅರ್ಧ ಬಾಳೆಹಣ್ಣು ತಿಂದು, ಉಳಿದರ್ಧವನ್ನು ಕೈಯಲ್ಲೇ ಹಿಡಿದುಕೊಂಡಿದ್ದ. ಇನ್ನೊಂದು ಕೈಯ ಬೆರಳು ಮಣಿಕಟ್ಟಿನ ಕಡೆ ಹೋಗುತ್ತಿತ್ತು.

"ಅಕ್ಕಾ," ಎಂದ ಮೆಲ್ಲಗೆ, "ನಾನು ದಪ್ಪ ಕಾಣ್ತಿದೀನಾ?"

"ನೀನು ಕಾಣೋದೇ ಇಲ್ಲ ಕಣೋ," ಎಂದರು ಟಪಾಲಮ್ಮ. "ಆದೇಶ ಓದಿಲ್ವಾ? ತಿನ್ನು."

ಅವನು ಆದೇಶದ ನಕಲನ್ನು ತರಿಸಿ, ಮೊದಲಿನಿಂದ ಕೊನೆಯವರೆಗೆ ಓದಿ, ಉಳಿದರ್ಧ ತಿಂದ.