ಬಾಡಿಗೆ ಹಾಡಿನ ಮೇಲೆ ಸ್ವಂತ ಹೆಸರು

ನನ್ನ ಹೆಂಡತಿ ದುರ್ಗಾಳ ಬಾಯಲ್ಲಿ ದಿನಕ್ಕೆ ನಾಲ್ಕು ಸಲವಾದರೂ ಬರುವ ಮಾತೊಂದಿದೆ: "ನಮ್ಮ ಸ್ವಾತಿ ಗಂಡನ್ನ ನೋಡ್ರಿ." ಸ್ವಾತಿ ಅವಳ ತಂಗಿ. ಆ ಗಂಡ, ಅಂದರೆ ನನ್ನ ಷಡ್ಡಕ ಅಂಜನ್ ಕುಮಾರ್, ಇರುವುದು ಹರಿಹರದಲ್ಲಿ. ಆದರೂ ಆ ಮಹಾಪುರುಷನನ್ನು ನಾನು ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ, ನಮ್ಮ ಅಡುಗೆಮನೆಯಲ್ಲೇ ಕೂತು ದಿನವೂ ನೋಡಬೇಕು.

ಈ ಸಲ ನೋಡಬೇಕಾದದ್ದು ಅವನ ಹಾಡುಗಳನ್ನು. ತಿಂಗಳಿಗಿಷ್ಟು ಅಂತ ದುಡ್ಡು ಕಟ್ಟುತ್ತಾನಂತೆ, ಕೋಟಿಗಟ್ಟಲೆ ಹಾಡು ಎಲ್ಲೋ ಕ್ಲೌಡಿನಲ್ಲಿರುತ್ತವಂತೆ, ಕೇಳಿದ ಕೂಡಲೇ ಫೋನಿಗೆ ಬರುತ್ತವಂತೆ. ನಾನೋ, ಆನ್‌ಲೈನ್ ಅಂಗಡಿಯಲ್ಲಿ ಆರಿಸಿ, ಅಳೆದು ತೂಗಿ, ಒಂದೊಂದಾಗಿ ಕೊಂಡು ಇಳಿಸಿಟ್ಟುಕೊಂಡವನು. ಒಟ್ಟು ಅರವತ್ತೆರಡು ಹಾಡು.

"ಅರವತ್ತೆರಡು ಯಾವ ಮೂಲಿಗೆ ಸಾಕಾಗ್ತಾವ್ರಿ?"

"ಅವು ನನ್ನ ಸ್ವಂತದವು ಕಣೆ. ಅವನದು ಬಾಡಿಗೆ. ಕಟ್ಟೋದು ಬಿಟ್ಟ ದಿನ ಒಂದು ಹಾಡೂ ಇರಂಗಿಲ್ಲ."

"ಅಲ್ಲಿತನಕ ಕೇಳ್ತಾನಲ್ಲ. ನೀವು ಕೊಂಡು ಏನ್ ಮಾಡ್ತೀರಿ, ಬೀರುನಾಗ ಇಡ್ತೀರೇನು?"

ನನ್ನದು ಮಂಡಿಪೇಟೆಯಲ್ಲಿ ಪಾತ್ರೆ ಅಂಗಡಿ. ಮದುವೆಗೆ ಬಾಡಿಗೆ ಪಾತ್ರೆ ತರುವವರನ್ನು ಕಂಡರೆ ನಮ್ಮ ವಂಶಕ್ಕೇ ಆಗದು. ವಸ್ತು ಕೊಳ್ಳಬೇಕು, ಅದರ ಮೇಲೆ ಹೆಸರು ಕೆತ್ತಿಸಬೇಕು, ಆಗ ಅದು ನಮ್ಮದು. ನಮ್ಮ ಮನೆಯ ಚಮಚದ ಮೇಲೂ ಕೊಡೆಯ ಹಿಡಿಕೆಯ ಮೇಲೂ ನನ್ನ ಹೆಸರಿದೆ. ಫೋನು ಕೊಂಡ ದಿನ ಅದೂ ತನಗೊಂದು ಹೆಸರು ಕೇಳಿತು. ಕೈ ಸುಮ್ಮನಿರಲಿಲ್ಲ, ಅಂಗಡಿಯ ಬೋರ್ಡಿನಲ್ಲಿದ್ದದ್ದನ್ನು ಪೂರ್ತಿ ಬರೆದುಬಿಟ್ಟೆ.

(ಒಂದು ಗುಟ್ಟು, ನಿಮ್ಮಲ್ಲೇ ಇರಲಿ. ಸ್ವಾತಿ ತನ್ನ ಗಂಡನ ಖಾತೆಯ ಪಾಸ್‌ವರ್ಡನ್ನು ಅಕ್ಕನಿಗೆ ಕೊಟ್ಟಿದ್ದಳು. ರೊಟ್ಟಿ ಬಡಿಯುವಾಗ ಕೇಳಲಿಕ್ಕೆ ಅಂತ ದುರ್ಗಾ ಅದನ್ನು ನನ್ನ ಫೋನಿಗೆ ಹಾಕಿದ್ದಳು. ಗಿರಾಕಿಯಿಲ್ಲದ ಮಧ್ಯಾಹ್ನ ಗಲ್ಲಾದ ಹಿಂದೆ ಕೂತು ನಾನು ಕೇಳುತ್ತಿದ್ದದ್ದೂ ಅದನ್ನೇ. ಹಾಗಾಗಿ ಅದರ ಒಂದು ಊನ ನನಗೆ ಗೊತ್ತಿತ್ತು. ಒಂದು ಖಾತೆ ಒಂದು ಹೊತ್ತಿಗೆ ಒಂದೇ ಕಡೆ ಹಾಡುತ್ತದೆ; ಇಲ್ಲಿ ಒತ್ತಿದರೆ ಅಲ್ಲಿ ನಿಲ್ಲುತ್ತದೆ.)

ಹೋದ ತಿಂಗಳು ಹರಿಹರದಲ್ಲಿ ಸ್ವಾತಿಯ ಮಗಳನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರವಿತ್ತು. ಜೋಗುಳ ಹಾಡಬೇಕಿದ್ದ ನಮ್ಮ ಅತ್ತೆ ಮೈಲಮ್ಮನವರಿಗೆ ಗಂಟಲು ಕಟ್ಟಿತ್ತು. "ಯಾರಾದ್ರೂ ಏನಾದ್ರೂ ಹಚ್ರಪ್ಪಾ" ಅಂತ ಪಿಸುಗುಟ್ಟಿದರು. ನನ್ನ ಕಾಲ ಬಂತು ಅಂತ ಫೋನು ತೆಗೆದೆ. ಅರವತ್ತೆರಡನ್ನೂ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ತಡಕಿದೆ. ಒಂದೇ ಒಂದು ಜೋಗುಳವಿರಲಿಲ್ಲ. ಅಷ್ಟರಲ್ಲಿ ಅಂಜನ್ ಕುಮಾರ್ ಅದೇ ಖಾತೆ ಹಾಕಿಟ್ಟಿದ್ದ ಟಿವಿಯ ಕಡೆ ತಿರುಗಿ "ಜೋಗುಳ" ಅಂದ. ಬಂದೇಬಿಟ್ಟಿತು. ಮಗು ಕಣ್ಣು ಮುಚ್ಚಿತು, ಹೆಂಗಸರೆಲ್ಲ ಅವನನ್ನೇ ಮೆಚ್ಚಿ ನೋಡಿದರು. ದುರ್ಗಾ ಟಿವಿಯನ್ನೊಮ್ಮೆ, ನನ್ನ ಫೋನನ್ನೊಮ್ಮೆ ನೋಡಿದಳು. ಬಾಯಿಬಿಟ್ಟು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಕೈ ತೊಳೆಯುವ ನೆಪದಲ್ಲಿ ಹಿತ್ತಿಲಿಗೆ ಹೋಗಿ, ಫೋನಿನ ದನಿ ಪೂರ್ತಿ ಇಳಿಸಿ, ಅವನದೇ ಖಾತೆಯಲ್ಲಿ ಯಾವುದೋ ಒಂದು ಹಾಡು ಒತ್ತಿದೆ. ಒಳಗೆ ಜೋಗುಳ ನಿಂತಿತು, ಮಗು ಕಿಟಾರನೆ ಕಿರುಚಿತು. ಅಂಜನ್ ತಕ್ಷಣ ಮತ್ತೆ ಹಚ್ಚಿದ. ನಾನೂ ಮತ್ತೆ ಒತ್ತಿದೆ. ಹಸುಗೂಸಿನ ಮೇಲೆ ಪೌರುಷವೇ ಅಂತ ನೀವು ಕೇಳಬಹುದು. ಆ ಗಳಿಗೆಯಲ್ಲಿ ನನಗಾದದ್ದು ಬ್ರಹ್ಮಾನಂದ.

ಮೂರನೆಯ ಸಲ ಒತ್ತಿ ಗಂಭೀರವಾಗಿ ಒಳಗೆ ಬಂದೆ. "ನೋಡಿದ್ರಾ, ಬಾಡಿಗೆ ಮಾಲಿನ ಹಣೆಬರಹನೇ ಇಷ್ಟು" ಅಂತ ಭಾಷಣ ಶುರುಮಾಡಿದೆ. ಯಾರೂ ನನ್ನ ಕಡೆ ನೋಡಲಿಲ್ಲ. ಈ ಸಲ ಅಂಜನ್ ಕೂಡ ಏನೂ ಮುಟ್ಟದೆ ಟಿವಿ ನೋಡುತ್ತ ನಿಂತಿದ್ದ. ಅತ್ತೆ ಕನ್ನಡಕ ಏರಿಸಿಕೊಂಡು, ಕಟ್ಟಿದ ಗಂಟಲಲ್ಲೇ ಒಂದೊಂದು ಅಕ್ಷರ ಕೂಡಿಸಿ ಓದುತ್ತಿದ್ದರು:

"ಈ ಖಾತೆಯ ಹಾಡು ಈಗ ಇಲ್ಲಿ ನಡೆಯುತ್ತಿದೆ: ಲೋಕಿಕೆರೆ ಮಾರಣ್ಣ ಅಂಡ್ ಸನ್ಸ್, ಸ್ಟೀಲ್ ಮತ್ತು ಹಿತ್ತಾಳೆ ಪಾತ್ರೆ, ಮಂಡಿಪೇಟೆ, ದಾವಣಗೆರೆ. ಹೆಸರು ಉಚಿತವಾಗಿ ಕೆತ್ತಿಕೊಡಲಾಗುವುದು."

"ಬಾಡಿಗೆ ಪಾತ್ರೆ ಮ್ಯಾಲೂ ಹೆಸರು ಕೆತ್ತಿಸ್ಕಂಡ್ರಲ್ರಿ" ಅಂದಳು ದುರ್ಗಾ.

"ಇರ್ಲಿ ಬಿಡ್ರಿ ಅತ್ತಿಗಿ, ನಮ್ಮ ಹಾಡು ಅಣ್ಣಾರ ಹಾಡಲ್ಲೇನು" ಅಂದ ಅಂಜನ್. (ಅವನ ಈ ಒಳ್ಳೆಯತನವೇ ನನಗೆ ಆಗದಿರುವುದು.)

ತೊಟ್ಟಿಲಲ್ಲಿ ಮಗು ಊರು ಒಂದಾಗುವಂತೆ ಅಳುತ್ತಿತ್ತು. ಅತ್ತೆ ತೊಟ್ಟಿಲ ಹಗ್ಗವನ್ನು ನನ್ನ ಕೈಗಿಟ್ಟರು. "ಎಬ್ಬಿಸಿದ್ದು ನೀವು, ಮಲಗ್ಸೋರೂ ನೀವೇ. ಹಾಡ್ರಿ ಅಳಿಯಾರೆ."

ಬಚ್ಚಲುಮನೆಯ ಆಚೆ ನಾನು ಎಂದೂ ಹಾಡಿದವನಲ್ಲ. ಕಣ್ಣು ಮುಚ್ಚಿ ಬಾಯಿಗೆ ಬಂದಂತೆ ಜೋ ಜೋ ಅಂದೆ. ಎರಡನೇ ಸಾಲಿಗೆ ಮಗು ಮಲಗಿತು. ಹೆಂಗಸರೆಲ್ಲ ಈಗ ನನ್ನ ಕಡೆ ನೋಡಿದರು, ದುರ್ಗಾ ಕೂಡ. ಅರ್ಧ ನಿಮಿಷ ಗೆದ್ದೆ ಅಂದುಕೊಂಡೆ.

ಅವತ್ತಿನಿಂದ ಆ ಕೂಸು ನನ್ನ ದನಿಗಲ್ಲದೆ ಯಾವುದಕ್ಕೂ ಮಲಗುವುದಿಲ್ಲ. ಮಧ್ಯಾಹ್ನ ಎರಡಾದರೆ ಹರಿಹರದಿಂದ ಫೋನು ಬರುತ್ತದೆ. ಗಿರಾಕಿ ಎದುರಿಗೆ ನಿಂತು ಕೊಳಗ ಬಡಿದು ನೋಡುತ್ತಿದ್ದರೂ ನಾನು ಜೋ ಜೋ ಅನ್ನಬೇಕು. ಇನ್ನೇಕೆ ಬೇಕು ಅಂತ ಅಂಜನ್ ಕುಮಾರ್ ಆ ಖಾತೆಯನ್ನೇ ಮುಚ್ಚಿಸಿದ್ದಾನೆ. ಗಲ್ಲಾದ ಹಿಂದೆ ನಾನು ಕದ್ದು ಕೇಳುತ್ತಿದ್ದ ಕೋಟಿ ಹಾಡುಗಳೂ ಅದರ ಜೊತೆಗೇ ಹೋದವು.

ನಿನ್ನೆ ಊಟಕ್ಕೆ ಕೂತಾಗ ದುರ್ಗಾ ರೊಟ್ಟಿ ಹಾಕುತ್ತ ಅಂದಳು:

"ನಮ್ಮ ಸ್ವಾತಿ ಗಂಡನ್ನ ನೋಡ್ರಿ. ಬಾಡಿಗೆನೂ ಕೊಡ್ದಂಗೆ ಹಾಡು ತರಿಸ್ಕಂತಾನೆ."